ಇವರಂಗಡಿ ಹಣ್ಣು

ನಮ್ಮೂರಿನಲ್ಲಿ ಬಿಕ್ಕಳಿಕೆ ಬಂದರೆ ಯಾರೂ ನೀರು ಕೊಡುವುದಿಲ್ಲ. ಮೊದಲು "ಯಾರು?" ಎಂದು ಕೇಳುತ್ತಾರೆ. ಬೇರೆ ಊರುಗಳಲ್ಲಿಯೂ ಬಿಕ್ಕಿದಾಗ ಯಾರೋ ನೆನೆಸಿಕೊಂಡರು ಅನ್ನುತ್ತಾರಂತೆ, ಆದರೆ ಅಲ್ಲಿ ಅದು ಬರೀ ಮಾತು. ನಮ್ಮಲ್ಲಿ ಹಾಗಲ್ಲ. ಮನೆಗೊಬ್ಬ ಗಂಡಸು ಫೌಜಿನಲ್ಲಿರುವ ಊರು ನಮ್ಮದು. ಅವನು ಗಡಿಯ ಮೇಲೆ ನಿಂತು ನೆನೆಸಿದರೆ ಇಲ್ಲಿ ಒಲೆಯ ಮುಂದೆ ಕೂತವಳಿಗೆ ಬಿಕ್ಕು ಹತ್ತುತ್ತದೆ. ನೆನೆಸಿದವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದರೆ ಬಿಕ್ಕು ನಿಲ್ಲುತ್ತದೆ, ಆ ಕ್ಷಣವೇ ಅಲ್ಲಿ ಅವನಿಗೆ ಒಂದೇ ಒಂದು ಬಿಕ್ಕು ಬರುತ್ತದೆ. ಮುಟ್ಟಿತು ಎಂದರ್ಥ. ಪತ್ರ ತಲುಪುವುದಕ್ಕೇ ಇಪ್ಪತ್ತು ದಿನ ಹಿಡಿಯುವ ಕಡೆ ಇದಕ್ಕಿಂತ ಇನ್ನೇನು ಬೇಕು. ಎದುರಿಗಿದ್ದವರು ಒಬ್ಬರನ್ನೊಬ್ಬರು ನೆನೆಸುವುದಿಲ್ಲ, ಬರೀ ನೋಡುತ್ತಾರೆ. ಹಾಗಾಗಿ ಊರೊಳಗಿನವರಿಂದ ಊರೊಳಗಿನವರಿಗೆ ಬಿಕ್ಕು ಬಂದದ್ದನ್ನು ನಾನಂತೂ ಕಂಡಿರಲಿಲ್ಲ.

ತೊಡಕು ಇರುವುದು ಹೆಸರಿನಲ್ಲಿ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು, ಮಾವನ ಹೆಸರಂತೂ ಕನಸಿನಲ್ಲೂ ಹೇಳಬಾರದು. ಅದಕ್ಕೇ ಒಡಪು. ಹೆಸರನ್ನು ಬರಿದಾಗಿ ಹೇಳದೆ, ಪ್ರಾಸ ಕೂಡಿಸಿದ ಎರಡು ಸಾಲಿನ ನಡುವೆ ಸೇರಿಸಿ ಹೇಳಿಬಿಟ್ಟರೆ ಮರ್ಯಾದೆಗೂ ಧಕ್ಕೆಯಿಲ್ಲ, ಬಿಕ್ಕೂ ನಿಲ್ಲುತ್ತದೆ. ಈ ವಿದ್ಯೆಯಲ್ಲಿ ಫಕೀರವ್ವನನ್ನು, ಅಂದರೆ ನನ್ನನ್ನು, ಮೀರಿಸಿದವರು ನಮ್ಮ ಓಣಿಯಲ್ಲಿ ಇಲ್ಲ. ನಮ್ಮ ಯಜಮಾನರು ಫೌಜಿನಲ್ಲಿದ್ದ ಹನ್ನೊಂದು ವರ್ಷವೂ ನಾನು ದಿನಕ್ಕೆ ಆರು ಒಡಪು ಕಟ್ಟಿದವಳು. ಕೊನೆಗೆ ಅವರ ಸಾಹೇಬರು ಇವನಿಗೆ ಏನೋ ರೋಗವಿದೆ ಎಂದು ಆಸ್ಪತ್ರೆಗೆ ಸೇರಿಸಿ ಹತ್ತು ದಿನ ಗಂಜಿ ಕುಡಿಸಿದರು. ಇವತ್ತಿಗೂ ಆ ಮಾತು ತೆಗೆದರೆ ಅವರು ಊಟ ಬಿಟ್ಟು ಏಳುತ್ತಾರೆ.

ಇರಲಿ, ನಾನು ಹೇಳಹೊರಟಿದ್ದು ನನ್ನ ಕಥೆಯಲ್ಲ, ಪಕ್ಕದ ಮನೆಯ ಸೊಸೆ ನೀಲಗಂಗಳದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಗೆ ಕಿವಿ ಹಚ್ಚುವ ಚಟ ನನಗಿಲ್ಲ. ಗೋಡೆಯೇ ತೆಳ್ಳಗಿದೆ.

ಮೊದಲು ಅವಳ ಅತ್ತೆ ತುಂಗವ್ವನ ವಿಷಯ ಹೇಳಬೇಕು. ತುಂಗವ್ವನ ಗಂಡ ಕಲ್ಲಪ್ಪ ಹದಿನೇಳು ವರ್ಷ ಹಿಮದ ಗಡಿಯಲ್ಲಿ ಕಾವಲು ಕಾದು ನಿವೃತ್ತನಾಗಿ ಬಂದವನು. ಆ ಹದಿನೇಳು ವರ್ಷದಲ್ಲಿ ತುಂಗವ್ವ ಒಂದು ಸಲವೂ ಗಂಡನ ಹೆಸರು ಹೇಳಲಿಲ್ಲ. ಒಡಪೂ ಅವಳಿಗೆ ಆಗದು. "ಸುತ್ತಿ ಬಳಸಿ ಅಂದ್ರೂ ಅಂದಂಗೇ ಆತಲ್ಲ" ಎನ್ನುತ್ತಿದ್ದಳು. ಬಿಕ್ಕು ಬಂದರೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು, ಒಂದು ಚೊಂಬು ನೀರು ಗಟಗಟ ಕುಡಿದು, ಮೂಗು ಹಿಡಿದು ಕೂರುವಳು. ಗಂಟೆಗಟ್ಟಲೆ ಹಾಗೆ ಹೋರಾಡಿ ಬಿಕ್ಕನ್ನು ಸೋಲಿಸುವಳು. ಹೀಗಾಗಿ ಕಲ್ಲಪ್ಪನಿಗೆ ಅಷ್ಟು ವರ್ಷವೂ ಮನೆಯಿಂದ ಒಂದು ಬಿಕ್ಕೂ ಹೋಗಲಿಲ್ಲ. ಅವನು ಅದರ ಬಗ್ಗೆ ಎಂದೂ ಮಾತಾಡಿದವನಲ್ಲ. ಕಟ್ಟೆಯ ಮೇಲೆ ಕೂತು, ಹೋಗಿಬರುವವರಿಗೆ ಹವೆಯ ಸಮಾಚಾರ ಹೇಳುತ್ತಿದ್ದ, ಅಷ್ಟೇ.

ಹೆಸರು ಬಿಡುವುದೇನೋ ಸರಿ, ತುಂಗವ್ವ ಅದರ ನೆರಳನ್ನೂ ಬಿಟ್ಟಿದ್ದಳು. ಕಲ್ಲಪ್ಪನ ಹೆಸರಿನಲ್ಲಿ ಕಲ್ಲು ಇದೆಯಲ್ಲ, ಆದ್ದರಿಂದ ಆ ಮನೆಯಲ್ಲಿ ಕಲ್ಲು ಎನ್ನುವ ಮಾತೇ ಇಲ್ಲ. ಅಕ್ಕಿಯಲ್ಲಿ ಸಿಗುವುದು "ಗಟ್ಟಿ". ಬೀಸುವ ಕಲ್ಲು "ಬೀಸೂದು". ಕಲ್ಲುಸಕ್ಕರೆ "ಕಡೀಸಕ್ಕರಿ". ಬೇಸಿಗೆಯಲ್ಲಿ ಹಣ್ಣಿನ ಗಾಡಿಯವನು ಬಂದರೆ ಬಾಗಿಲಲ್ಲಿ ನಿಂತು, "ಇವರಂಗಡಿ ಹಣ್ಣು ಒಂದು ಕೊಡಪಾ" ಎನ್ನುವಳು. ಗಾಡಿಯವನು ಮೊದಮೊದಲು ಯಾರ ಅಂಗಡಿ ಎಂದು ತಲೆ ಕೆರೆದುಕೊಂಡ, ಆಮೇಲೆ ಅವನೇ "ಇವರಂಗಡಿ, ಇವರಂಗಡಿ" ಎಂದು ಕೂಗಲು ಶುರುಮಾಡಿದ. ಈಗ ನಮ್ಮ ಓಣಿಯ ಮಕ್ಕಳಿಗೆ ಕಲ್ಲಂಗಡಿ ಅಂದರೆ ಏನೆಂದೇ ಗೊತ್ತಿಲ್ಲ.

ಇಂಥ ಮನೆಗೆ ನೀಲಗಂಗಾ ಸೊಸೆಯಾಗಿ ಬಂದಳು. ಗಂಡ ಸೋಮಲಿಂಗ, ಫೌಜಿಗೆ ಸೇರಿ ಎರಡು ವರ್ಷವಾಗಿತ್ತು. ಮದುವೆಯಾಗಿ ಹನ್ನೊಂದನೆಯ ದಿನ ಟ್ರಂಕು ಹೊತ್ತು ಹೊರಟ. ಹೋಗುವಾಗ, "ನೆನಸತಿರ್ತೀನಿ, ಉತ್ತರ ಕೊಡು" ಎಂದದ್ದು ಗೋಡೆಯಾಚೆ ನನಗೂ ಕೇಳಿಸಿತು. ನೀಲಾ ಆವತ್ತೇ ನನ್ನ ಹತ್ತಿರ ಬಂದು ಒಡಪು ಕಲಿಯಲು ಕೂತಳು. ಜಾಣೆ. ನಾಲ್ಕು ದಿನದಲ್ಲಿ ಸ್ವಂತದ್ದು ಕಟ್ಟಿದಳು.

ಐದನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಮೊದಲ ಬಿಕ್ಕು ಬಂತು. ನಾನು ಓಡಿಹೋದೆ. ನೀಲಾ ಹಿಟ್ಟಿನ ಕೈಯಲ್ಲೇ ಸೆರಗು ಹೊದ್ದು, ನಾಚಿಕೊಂಡು, ಹೇಳಿದಳು: "ಬೆಳ್ಳಿ ಬಟ್ಟಲ ತುಂಬ ಶ್ಯಾವಿಗಿ ಪಾಯಸ, ಸೋಮಲಿಂಗರಾಯರು ನೆನೆದರ ನನಗ್ಯಾವ ಆಯಾಸ."

ಹೇಳಿ ಮುಗಿಸಿ ಮತ್ತೆ ಬಿಕ್ಕಿದಳು.

ಧ್ವನಿ ಸಣ್ಣದಾಯಿತೇನೋ ಎಂದು ಇನ್ನೊಮ್ಮೆ ಹೇಳಿಸಿದೆ. ನಿಲ್ಲಲಿಲ್ಲ. ಪ್ರಾಸದಲ್ಲಿ ಏನಾದರೂ ಊನವಿರಬಹುದೆಂದು ನಾನೇ ಬೇರೆ ಒಡಪು ಕಟ್ಟಿಕೊಟ್ಟೆ. ನನ್ನ ಒಡಪಿಗೂ ನಿಲ್ಲಲಿಲ್ಲ ಅಂದಮೇಲೆ ವಿಷಯ ಗಂಭೀರ ಎಂದು ನನಗೆ ತಿಳಿಯಿತು. ಕೊನೆಗೆ ಹುಡುಗಿ ಮರ್ಯಾದೆ ಬಿಟ್ಟು, ಹಿತ್ತಲಿಗೆ ಹೋಗಿ, "ಸೋಮಲಿಂಗ, ಸೋಮಲಿಂಗ" ಎಂದು ಬರಿದಾಗಿಯೇ ಕೂಗಿದಳು. ಹಿತ್ತಲಿನ ಕೋಳಿಗಳು ಚೆದುರಿದವು, ಬಿಕ್ಕು ಹಾಗೇ ಇತ್ತು.

ನೆನೆಸುವವನು ಗಂಡ ಅಲ್ಲ ಅಂದರೆ ಮತ್ಯಾರು? ಓಣಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಹೆಂಗಸರೆಲ್ಲ ಒಂದೊಂದು ಹೆಸರು ತಂದರು. ನೀಲಾ ಪಾಪ, ಎಲ್ಲವನ್ನೂ ಹೇಳಿ ನೋಡಿದಳು. ತವರಿನ ಕಾಕಂದಿರು, ಮಾವಂದಿರು, ನಾಲ್ಕನೆಯ ಇಯತ್ತೆಯ ಗಣಿತದ ಮಾಸ್ತರು, ಮದುವೆಯಲ್ಲಿ ಬಾಜಾ ಬಾರಿಸಿದವರು, ತವರಿನಲ್ಲಿ ಬಿಟ್ಟುಬಂದ ಎಮ್ಮೆ. ಎಮ್ಮೆಯ ಹೆಸರು ಹೇಳಿದಾಗ ಒಂದು ಗಳಿಗೆ ತಡೆದಂತಾಯಿತು, ಆದರೆ ಅದು ಅವಳು ನಕ್ಕದ್ದಕ್ಕೆ. ಬಿಕ್ಕು ದಿನಾ ಬರುತ್ತಿತ್ತು. ಅವಳ ರೊಟ್ಟಿಗಳು ಬಿಕ್ಕಿದ ಕಡೆಯಲ್ಲೆಲ್ಲ ಮೂಲೆ ಮೂಡಿಸಿಕೊಂಡು ಏಳುತ್ತಿದ್ದವು. ಕಲ್ಲಪ್ಪ ಅವನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವ ಕಡೆಯಿಂದ ತಿನ್ನಲಿ ಎಂದು ಕೇಳುತ್ತಿದ್ದ.

ನಗುವವರು ನಕ್ಕರು. ನೀಲಾ ಮಾತ್ರ ಒಳಗೊಳಗೇ ಕುಸಿಯುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಬಳಿ ಬಂದು, "ಫಕೀರವ್ವಾರ, ಅವರು ನನ್ನ ನೆನಸೂದೇ ಇಲ್ಲೇನ್ರಿ?" ಎಂದು ಕೇಳಿದಳು. ನಾನು ಅವಳ ಕೈಗೆ ಚಹಾ ಕೊಟ್ಟು, ಇನ್ನೊಂದು ಒಡಪು ಕಟ್ಟಲು ಕೂತೆ.

ಹೀಗೆ ಮೂರು ತಿಂಗಳು ಕಳೆದವು. ಇಪ್ಪತ್ತೇಳನೆಯ ತಾರೀಖು ಸೋಮಲಿಂಗನ ಪತ್ರ ಬಂತು. ನೀಲಾ ಅಂಗಳದಲ್ಲಿ ನಿಂತು ಬಿಕ್ಕುತ್ತಲೇ ಓದಿದಳು. "ನೀಲಾ, ಕಾವಲಿಗೆ ನಿಂತಾಗಲೆಲ್ಲ ನಿನ್ನನ್ನು ನೆನೆಸುತ್ತೇನೆ. ಇಷ್ಟು ದಿನವಾದರೂ ಆ ಕಡೆಯಿಂದ ಒಂದು ಬಿಕ್ಕೂ ಇಲ್ಲ. ನಮ್ಮೂರಿನ ಬೇರೆ ಹುಡುಗರು ಊಟಕ್ಕೆ ಕೂತು ಬಿಕ್ಕುತ್ತಾರೆ, ನಾನು ಸುಮ್ಮನೆ ರೊಟ್ಟಿ ಮುರಿಯುತ್ತೇನೆ. ಅವ್ವನಿಂದಲೂ ಮೊದಲ ನಾಲ್ಕು ತಿಂಗಳು ಬಂದದ್ದು, ಆಮೇಲೆ ನಿಂತೇ ಹೋಯಿತು. ಹನ್ನೊಂದು ದಿನದಲ್ಲಿ ನಾನು ನಿನಗೆ ಹಿಡಿಸದೆ ಹೋಗಿರಬಹುದು, ಅದಕ್ಕೆ ಬಲವಂತವಿಲ್ಲ. ರಜೆಯ ಪಟ್ಟಿ ಇಪ್ಪತ್ತೆಂಟರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಒಂದೇ ಒಂದು ಬಿಕ್ಕು ಬಂದರೂ ಹೆಸರು ಬರೆಸಿ ಬರುತ್ತೇನೆ. ಬಾರದಿದ್ದರೆ ನನ್ನ ರಜೆಯನ್ನು ಜೊತೆಯವನಿಗೆ ಬಿಟ್ಟುಕೊಟ್ಟು ಇನ್ನೆರಡು ವರ್ಷ ಇಲ್ಲೇ ಇದ್ದುಬಿಡುತ್ತೇನೆ."

ನೀಲಾ ಪತ್ರ ಮಡಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅದರಲ್ಲಿ ಅಳುವಿನ ಬಿಕ್ಕು ಯಾವುದು, ಅವನ ಬಿಕ್ಕು ಯಾವುದು ಎಂದು ಯಾರಿಗೂ ತಿಳಿಯಲಿಲ್ಲ. ಆದರೆ ಒಂದು ಮಾತು ಖಚಿತವಾಯಿತು. ನೆನೆಸುತ್ತಿರುವವನು ಅವನೇ. ಅವನ ಹೆಸರನ್ನೇ ಹೇಳಿದರೂ ನಿಲ್ಲುವುದಿಲ್ಲ. ನಾಳೆ ಹನ್ನೆರಡರೊಳಗೆ ನಿಲ್ಲಿಸದಿದ್ದರೆ ಗಂಡ ಎರಡು ವರ್ಷ ಬರುವುದಿಲ್ಲ, ಬಂದರೂ ಮನಸ್ಸು ಮುರಿದುಕೊಂಡೇ ಬರುತ್ತಾನೆ.

ತುಂಗವ್ವ ಪತ್ರದ ಮಾತು ಕೇಳಿ ಒಳಗೆ ಹೋದಳು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ನನಗೆ ಗೋಡೆಯಾಚೆ ಕೇಳಿಸಿತು. ಮುದುಕಿಗೆ ಈಗ ಯಾರ ಬಿಕ್ಕು ಎಂದು ಅಂದುಕೊಂಡೆ, ಆದರೆ ಹೋಗಿ ಕೇಳಲಿಲ್ಲ. ಆ ಮನೆಯ ಚಹಾಕ್ಕೆ ಸಕ್ಕರೆ ಸಾಲದೆ ಎರಡು ವರ್ಷವಾಗಿತ್ತು ಎಂಬುದೂ ಆಗಲೇ ನೆನಪಾಯಿತು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ನಾನು ಅವರ ಮನೆಯಲ್ಲೇ ಇದ್ದೆ. ಯಾರಿಗೂ ರೊಟ್ಟಿ ಬಡಿಯುವ ಮನಸ್ಸಿರಲಿಲ್ಲ, ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ತಿನ್ನುತ್ತಿದ್ದರು. ನೀಲಾ ಬಿಕ್ಕುತ್ತ ಒಂದು ತುತ್ತು ಬಾಯಿಗಿಟ್ಟಳು. ಕಟುಕ್ ಎಂದು ಸದ್ದಾಯಿತು. ನೋವಿಗೆ ಕೆನ್ನೆ ಹಿಡಿದುಕೊಂಡು, ಎಚ್ಚರತಪ್ಪಿ, "ಕಲ್ಲು" ಎಂದುಬಿಟ್ಟಳು.

ತುಂಗವ್ವನ ಕೈಯಿಂದ ತಾಟು ಜಾರಿತು. ಆದರೆ ನಾನು ನೋಡಿದ್ದು ಬೇರೆ. ಬಿಕ್ಕು ನಿಂತಿತ್ತು. ನಾನು ಉಸಿರು ಎಣಿಸಿದೆ. ಏಳು ಉಸಿರಿನವರೆಗೆ ನಿಂತು, ಎಂಟನೆಯದಕ್ಕೆ ಮತ್ತೆ ಬಂತು.

"ಅರ್ಧಾ ಹೆಸರಿಗೆ ಅರ್ಧಾ ನಿಂತೈತಿ," ಎಂದೆ. "ಕಲ್ಲು ಅಂತ ಬರೂ ಹೆಸರು ಹುಡುಕ್ರಿ."

ಕಲ್ಲಯ್ಯ, ಕಲ್ಲೇಶಿ, ಕಲ್ಲನಗೌಡ. ನೀಲಾ ಒಂದೊಂದನ್ನೂ ಹೇಳಿದಳು, ತುಂಗವ್ವ ಒಂದೊಂದಕ್ಕೂ ಕಿವಿ ಮುಚ್ಚಿಕೊಂಡಳು. ಎಲ್ಲವೂ ಏಳು ಉಸಿರಿನವರೆಗೆ ಮಾತ್ರ. ಉಳಿದದ್ದು ಒಂದೇ ಹೆಸರು. ಆ ಹೆಸರಿನವನು ಕಟ್ಟೆಯ ಮೇಲೆ ಕೂತಿದ್ದ. ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದೆವು.

"ನಾ ಯಾಕ ಸೊಸೀನ್ನ ನೆನಸಲಿ?" ಎಂದ ಕಲ್ಲಪ್ಪ. "ಈಗಷ್ಟೇ ಚಾ ಕೊಟ್ಟು ಹೋದಳಲ್ಲ." ಹಾಗೆಂದವನು ಬೇರೆ ಕಡೆ ಮುಖ ಮಾಡಿ, ಇವತ್ತು ಗಾಳಿ ತೆಂಕಲ ಕಡೆಯಿಂದ ಐತಿ ಎಂದ. ಅವನ ಕಿವಿಗಳು ಕೆಂಪಾಗಿದ್ದವು.

ನಾನು ಬಿಡುವವಳಲ್ಲ. "ಮಾವಾರ, ಹೊತ್ತು ಹೊಂಟೈತಿ. ಏನೈತಿ ಹೊಟ್ಯಾಗ, ಹೇಳಿಬಿಡ್ರಿ."

ಕಲ್ಲಪ್ಪ ನಿಧಾನವಾಗಿ ಬಾಯಿಬಿಟ್ಟ. ಸೋಮಲಿಂಗ ಫೌಜಿಗೆ ಭರ್ತಿಯಾದ ದಿನ ಇವನೂ ಜೊತೆಗೆ ಹೋಗಿದ್ದನಂತೆ. ಮಗನನ್ನು ಸಾಲಿನಲ್ಲಿ ನಿಲ್ಲಿಸಿ ಹಿಂದೆ ತಾನು ನಿಂತಿದ್ದ. ಮೇಜಿನ ಹಿಂದಿದ್ದವನು ತಲೆಯೆತ್ತದೆ ಗಟ್ಟಿಯಾಗಿ "ಹೆಸರು?" ಎಂದ. ಹದಿನೇಳು ವರ್ಷದ ರೂಢಿ. ಕಲ್ಲಪ್ಪನ ಹಿಮ್ಮಡಿಗಳು ತಾವಾಗಿಯೇ ಕೂಡಿದವು, ಎದೆ ಮುಂದೆ ಬಂತು, ಬಾಯಿ ತಾನಾಗಿಯೇ "ಕಲ್ಲಪ್ಪ, ಸಾಬ್" ಎಂದು ಕೂಗಿತು. ಮೇಜಿನವನು ಮಗನ ಹೆಸರಿನ ಜಾಗದಲ್ಲಿ ಅದನ್ನೇ ಬರೆದುಕೊಂಡು ಮುಂದಿನವನನ್ನು ಕರೆದ.

"ಆಮ್ಯಾಲಾದರೂ ಹೇಳಬಾರದೇನ್ರಿ ತಪ್ಪಾತು ಅಂತ?" ಎಂದೆ.

"ನಾಚಿಕಿ ಆತು," ಎಂದ ಮುದುಕ. "ಆಮ್ಯಾಲ ಇನ್ನೊಂದು ಐತಿ. ದಿನಾ ಮುಂಜಾನೆ ಗಡಿಯೊಳಗ ನನ್ನ ಹೆಸರು ಕೂಗತಾರಲ್ಲ, ಅದು ಛಲೋ ಅನಿಸ್ತು. ಅವನೂ ಮೊದಲು ಬೇಜಾರ ಮಾಡಿಕೊಂಡ, ನಾಕು ತಿಂಗಳಿಗೆ ರೂಢಿ ಆತಂತ. ಈಗ ಸೋಮಲಿಂಗ ಅಂತ ಕೂಗಿದರ ತಿರುಗೂದೇ ಇಲ್ಲಂತ."

ಅದಕ್ಕೇ ಪತ್ರದಲ್ಲಿ ಆ ನಾಲ್ಕು ತಿಂಗಳ ಮಾತು. ಅಲ್ಲಿ ಅವನು ಆ ಹೆಸರಿಗೆ ಒಗ್ಗಿದ ದಿನದಿಂದ ಇಲ್ಲಿ ಹಳೆಯ ಹೆಸರಿಗೆ ಬಿಕ್ಕು ನಿಲ್ಲುವುದು ಬಿಟ್ಟಿತ್ತು. ನಾನು ಮುದುಕನಿಗೆ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ತುಂಗವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಕೂತು, ಒಮ್ಮೆ ಬಿಕ್ಕಿದಳು.

"ನನಗೂ ಬರತಾವ," ಎಂದಳು. "ಎರಡು ವರ್ಷಾತು. ಸೋಮಾ, ಸೋಮಾ ಅಂದೆ, ನಿಲ್ಲಲಿಲ್ಲ. ಮಗ ನನ್ನ ಮರತಾನ, ಇದು ಬರೇ ಹೊಟ್ಟಿ ಉಬ್ಬರ ಅಂದುಕೊಂಡೆ. ಯಾರಿಗೆ ಹೇಳಲಿ ಅದನ್ನ? ದಿನಾ ಸಕ್ಕರಿ ತಿಂದು ನುಂಗಿದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗ ನನ್ನ ಮರತಿಲ್ಲ, ಫಕೀರವ್ವ."

ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಗಡಿಯಾರದಲ್ಲಿ ಹನ್ನೊಂದೂವರೆ ಆಗಿತ್ತು.

ನೀಲಾ ಅತ್ತೆಯ ಕಾಲ ಬಳಿ ಕೂತಳು. "ಅತ್ತಿ, ಮಾವನ ಹೆಸರು ನಾ ಅನ್ನಬಾರದು, ಗೊತ್ತೈತಿ. ಅನ್ನದಿದ್ದರ ಅವರು ಬರೂದಿಲ್ಲ. ನೀವು ಹೂಂ ಅಂದ್ರ ಒಂದ ಸಲ ಅಂತೀನಿ. ಒಡಪಿನಾಗೇ ಅಂತೀನಿ."

ಅತ್ತೆ ಇನ್ನೂ ಹೂಂ ಅಂದಿರಲಿಲ್ಲ, ಹಾಗಾಗಿ ಮೊದಲು ಅವಳು ಹೆಸರನ್ನು ಮುರಿದು ಮರ್ಯಾದೆಯ ದಾರಿಯಲ್ಲೇ ಪ್ರಯತ್ನಪಟ್ಟಳು. "ಕಲ್ಲು" ಎಂದು ಅಡುಗೆಮನೆಯಲ್ಲಿ ಹೇಳಿ, ಓಡಿಬಂದು, "ಅಪ್ಪ" ಎಂದು ಅಂಗಳದಲ್ಲಿ ಹೇಳಿದಳು. ಎರಡೂ ಕೂಡಲಿಲ್ಲ, ನಡುವೆ ಹೊಸ್ತಿಲಿನ ಮೇಲೆಯೇ ಒಂದು ಬಿಕ್ಕು ಬಂತು. ನಾನು "ಕಲ್ಲು" ಅಂತೀನಿ, ನೀನು "ಅಪ್ಪ" ಅನ್ನು ಎಂದು ಹಂಚಿಕೊಂಡು ನೋಡಿದೆವು. ಅದಕ್ಕೆ ಬಿಕ್ಕು ಇನ್ನಷ್ಟು ಜೋರಾಯಿತು. ಸಿಟ್ಟು ಬಂದಿರಬೇಕು.

"ಸಾಕು," ಎಂದು ತುಂಗವ್ವ ಎದ್ದಳು. "ನಲವತ್ತು ವರ್ಷ ನಾ ಅನ್ನದ ಹೆಸರನ್ನ ನಿನ್ನೆ ಮೊನ್ನೆ ಬಂದ ಸೊಸಿ ಮೊದಲು ಅಂದ್ರ ನನ್ನ ಗತಿ ಏನು? ಈ ಮನ್ಯಾಗ ಆ ಹೆಸರಿಗೆ ಮೊದಲ ಹಕ್ಕು ನಂದು. ನಾ ಅಂತೀನಿ, ಆಮ್ಯಾಲ ನೀ ಅನ್ನು."

ಅಂಗಳದ ನಡುವೆ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗಡಿಯಿರುವ ಬಡಗಲ ಕಡೆ ಮುಖ ಮಾಡಿದಳು. "ಕ" ಎಂದಳು, ಬಿಕ್ಕು ಬಂತು. "ಕಲ್" ಎಂದಳು, ಮತ್ತೆ ಬಿಕ್ಕು. ಅವಳ ಬಾಯಿಗೆ ಆ ಹೆಸರಿನ ಅಭ್ಯಾಸವೇ ಇರಲಿಲ್ಲ, ಮಗು ಮೊದಲ ಮಾತು ಕಲಿತಂತೆ ತುಟಿ ಆಡಿಸುತ್ತಿದ್ದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು, ಪ್ರಾಸವಿಲ್ಲದೆ, ರಾಯರು ಗೀಯರು ಏನೂ ಇಲ್ಲದೆ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಕಲ್ಲಪ್ಪ."

ಬಿಕ್ಕು ನಿಂತಿತು. ಏಳು ಉಸಿರು ಆಯಿತು, ಹತ್ತು ಆಯಿತು, ಇಪ್ಪತ್ತು ಆಯಿತು. ಮಗನಿಗೆ ಮುಟ್ಟಿತ್ತು.

ಆಗ ಹಿಂದೆ ಕಟ್ಟೆಯ ಮೇಲಿಂದ ಒಂದು ಸದ್ದು ಬಂತು. ತಿರುಗಿ ನೋಡಿದೆವು. ಕಲ್ಲಪ್ಪ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಕೂತಿದ್ದ. ಒಂದೇ ಒಂದು ಬಿಕ್ಕು.

"ನಿಮಗ್ಯಾಕ ಬಂತು?" ಎಂದೆ. "ಆಕಿ ಎದುರಿಗೇ ನಿಂತಾಳಲ್ಲ, ನೆನಸೂದೇನು ಬಂತು?"

"ಈಗಿನಾಕಿನ್ನ ಅಲ್ಲವಾ," ಎಂದ ಕಲ್ಲಪ್ಪ. "ಆಗಿನಾಕಿನ್ನ ನೆನಸಾಕತ್ತಿದ್ದೆ. ಹದಿನೇಳು ವರ್ಷ ಹಿಮದಾಗ ಕುಂತು ಇದೊಂದಕ್ಕ ಕಾದಿದ್ದೆ. ಉಳಿದವರೆಲ್ಲ ಬಿಕ್ಕತಿದ್ದರು, ನಾ ಬಿಕ್ಕಿದಂಗ ಸುಳ್ಳೇ ನಟನೆ ಮಾಡತಿದ್ದೆ. ಈಗ ಖರೇ ಬಂತು."

ತುಂಗವ್ವ ಅವನ ಕಡೆ ನೋಡಿದಳು. "ತಡ ಆತು," ಎಂದಳು.

"ಆಗಲಿ," ಎಂದ ಅವನು. "ಬಂತಲ್ಲ."

ಆಮೇಲೆ ನೀಲಾ ಹೇಳಿದಳು, ಅವಳದೂ ನಿಂತಿತು. ಮತ್ತೆ ಬಂತು, ಮತ್ತೆ ಹೇಳಿದಳು. ತುಂಗವ್ವನಿಗೂ ಮತ್ತೆ ಬಂತು. ಮಗ ಖುಷಿಯಲ್ಲಿ ಒಂದೇ ಸಮನೆ ಇಬ್ಬರನ್ನೂ ನೆನೆಸತೊಡಗಿದ್ದ. ಒಂದೇ ಒಂದು ಬಿಕ್ಕು ಸಾಕಿತ್ತು, ಇವರಿಬ್ಬರೂ ಸೇರಿ ಐವತ್ತು ಕಳಿಸಿದರು. ಅಲ್ಲಿ ಏನಾಯಿತೆಂದು ಅವನು ಬಂದಮೇಲೆ ಹೇಳಿದ. ರಜೆಯ ಪಟ್ಟಿಯವನ ಮುಂದೆ ಓಡಿಹೋಗಿ ನಿಂತರೆ, ಹೆಸರು ಕೇಳಿದಾಗಲೆಲ್ಲ ಬಾಯಿಂದ ಬರೀ ಬಿಕ್ಕೇ ಬರುತ್ತಿತ್ತಂತೆ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಜೊತೆಯವನೊಬ್ಬ ಅವನ ಬದಲು "ಕಲ್ಲಪ್ಪ" ಎಂದು ಕೂಗಿ ಬರೆಸಿದನಂತೆ. ಅಲ್ಲಿನ ಸಾಹೇಬರೂ ಇವನನ್ನು ಆಸ್ಪತ್ರೆಗೆ ಕಳಿಸಲು ನೋಡಿದರಂತೆ. ಅದನ್ನು ಕೇಳಿ ನಮ್ಮ ಯಜಮಾನರು ಎದ್ದುಹೋಗಿ ಅವನ ಕೈ ಕುಲುಕಿದರು.

ಅವನು ಬಂದ ದಿನ ಬಿಸಿಲು ಜೋರಿತ್ತು. ಹಣ್ಣಿನ ಗಾಡಿ ಓಣಿಗೆ ಬಂತು. ತುಂಗವ್ವ ಬಾಗಿಲಿಗೆ ಹೋಗುವುದನ್ನು ಕಂಡು ನಾನು ಸುಮ್ಮನಿರಲಾರದೆ, "ಇನ್ನೇನು ತುಂಗವ್ವ, ಈಗ ಬಾಯಿ ತುಂಬ ಕಲ್ಲಂಗಡಿ ಅಂತ ಹೆಸರು ಹಿಡಿದೇ ಕೇಳಬಹುದಲ್ಲ," ಎಂದು ಕೆಣಕಿದೆ.

ತುಂಗವ್ವ ಕಟ್ಟೆಯ ಕಡೆ ಒಮ್ಮೆ ನೋಡಿದಳು. ಮುದುಕ ಹವೆಯ ಸಮಾಚಾರ ಹೇಳುವುದನ್ನು ನಿಲ್ಲಿಸಿ ಕಿವಿ ಕೊಟ್ಟಿದ್ದ.

"ಹಣ್ಣಿಗೆಲ್ಲ ಖರ್ಚು ಮಾಡೂ ಹೆಸರಲ್ಲ ಅದು," ಎಂದು ಅವಳು ಗಾಡಿಯ ಕಡೆ ತಿರುಗಿದಳು. "ಇವರಂಗಡಿ ಹಣ್ಣು ಒಂದು ಕೊಡಪಾ. ದೊಡ್ಡದು ನೋಡಿ ಕೊಡು, ಮಗ ಬಂದಾನ."